ರೈತನ ಕುತ್ತಿಗೆ ಮತ್ತು ದುಡಿಮೆಯ ನಿಲುವು

ಉಳುವ ಎತ್ತನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಅದರ ಹಲ್ಲನ್ನು ನೋಡುವನು. ಆಮೇಲೆ ಕುತ್ತಿಗೆಯ ಮೇಲೆ ಕೈಯಾಡಿಸಿ, ನೊಗ ಕೂರುವ ಎಡೆಯಲ್ಲಿ ಬಾವಾಗಲಿ, ಗಂಟಾಗಲಿ, ಹಳೆಯ ಹುಣ್ಣಿನ ಕಲೆಯಾಗಲಿ ಉಂಟೇ ಎಂದು ಪರೀಕ್ಷಿಸುವನು. ಕುತ್ತಿಗೆ ಕೆಟ್ಟ ಎತ್ತು ಎಷ್ಟೇ ಮೈತುಂಬಿಕೊಂಡಿದ್ದರೂ ಆರಂಭಕ್ಕೆ ಒದಗದೆಂಬುದು ಅವನಿಗೆ ಚೆನ್ನಾಗಿ ತಿಳಿದಿರುವುದು. ನೊಗವು ಒತ್ತುವುದೆಂದು ಕಂಡುಬಂದರೆ ಅದನ್ನು ಕೆತ್ತಿ ನುಣುಪು ಮಾಡಿಸುವನು. ಕುತ್ತಿಗೆ ಬಾತಿದ್ದರೆ ಎತ್ತನ್ನು ನಾಲ್ಕು ದಿನ ಕೊಟ್ಟಿಗೆಯಲ್ಲಿಯೇ ನಿಲ್ಲಿಸುವನು. ದನದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ರೈತನು ತನ್ನ ಸ್ವಂತ ಕುತ್ತಿಗೆಯ ವಿಷಯದಲ್ಲಿಯೂ, ತನ್ನ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವ ಹೆಂಗಸರ ಕುತ್ತಿಗೆಯ ವಿಷಯದಲ್ಲಿಯೂ ಇದರ ಕಾಲುಭಾಗದಷ್ಟಾದರೂ ಗಮನ ಕೊಡುವನೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುವುದು.

ಕುತ್ತಿಗೆಯ ನೋವು ಜ್ವರದಂತೆ ಮನುಷ್ಯನನ್ನು ಹಾಸಿಗೆಗೆ ಕೆಡಹುವುದಿಲ್ಲವಾದುದರಿಂದ ಅದನ್ನು ಅಲಕ್ಷ್ಯಮಾಡುವುದು ವಾಡಿಕೆಯಾಗಿದೆ. ಆದರೆ ಕಳೆ ತೆಗೆಯಬೇಕಾದ ವಾರದಲ್ಲಿ ಒಬ್ಬಳು ಕತ್ತು ಹಿಡಿದುಕೊಂಡು ಮನೆಯಲ್ಲಿ ಕುಳಿತರೆ ಅವಳ ಕೂಲಿಯೂ ಹೋಗುವುದು, ಪೈರೂ ಕಳೆಯ ಪಾಲಾಗುವುದು. ನೋವು ಹಳೆಯದಾದರೆ ಕೈಯ ಬಲ ಕುಂದುವುದು, ನಿದ್ದೆ ಕೆಡುವುದು. ಕೆಲವು ಸಂದರ್ಭಗಳಲ್ಲಿಯಂತೂ ಕುತ್ತಿಗೆಯಲ್ಲಿ ತೋರಿದ ಚಿಹ್ನೆಯೇ ಪ್ರಾಣಾಪಾಯದ ಮೊದಲನೆಯ ಮುನ್ಸೂಚನೆಯಾಗಿರುವುದೂ ಉಂಟು. ಆದುದರಿಂದ ಕುತ್ತಿಗೆಯ ಸಹಜವಾದ ಬಾಗು ಎಂದರೇನು, ಬೇಸಾಯದ ಕೆಲಸಗಳಲ್ಲಿ ಅದಕ್ಕೆ ಹೇಗೆ ಶ್ರಮವುಂಟಾಗುವುದು, ಖರ್ಚಿಲ್ಲದೆ ಅದನ್ನು ಹೇಗೆ ಸರಿಪಡಿಸಿಕೊಳ್ಳಬಹುದು, ಯಾವಾಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು ಎಂಬ ವಿಷಯಗಳನ್ನು ಇಲ್ಲಿ ಸಂಗ್ರಹವಾಗಿ ತಿಳಿಸಲಾಗಿದೆ.

ಕುತ್ತಿಗೆಯ ರಚನೆ.— ಮನುಷ್ಯನ ಕುತ್ತಿಗೆಯಲ್ಲಿ ೭ ಎಲುಬಿನ ಮಣಿಗಳಿವೆ. ಎತ್ತಿನ ಉದ್ದವಾದ ಕುತ್ತಿಗೆಯಲ್ಲಿಯೂ ಮಣಿಗಳು ಏಳೇ. ಇವುಗಳ ಕೆಳಗೆ ಎದೆಯ ಹಿಂಭಾಗದಲ್ಲಿ ೧೨ ಮಣಿಗಳೂ, ಸೊಂಟದಲ್ಲಿ ೫ ಮಣಿಗಳೂ ಇರುವುವು. ತಲೆಬುರುಡೆಯನ್ನು ನೇರವಾಗಿ ಹೊತ್ತಿರುವ ಮೊದಲನೆಯ ಮಣಿಗೆ ವೈದ್ಯರು ಅಟ್ಲಾಸ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಪುರಾಣಗಳಲ್ಲಿ ಆದಿಶೇಷನು ಭೂಮಿಯನ್ನು ಹೊತ್ತಿರುವಂತೆ ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನ ಹೆಸರು ಅದು. ಒಂದು ಮಣಿಗೂ ಇನ್ನೊಂದಕ್ಕೂ ನಡುವೆ, ಮೊದಲೆರಡು ಮಣಿಗಳ ಮಧ್ಯದಲ್ಲಿ ಹೊರತು, ಮೆತ್ತನೆಯ ಬಿಲ್ಲೆಗಳಿದ್ದು, ಅವು ಗಾಡಿಯ ಅಚ್ಚಿಗೂ ಮೂಕಿಗೂ ಬೀಳುವ ಪೆಟ್ಟನ್ನು ತಡೆಯುವ ಮೆತ್ತೆಗಳಂತೆ ಕೆಲಸ ಮಾಡುವುವು. ಮಣಿಗಳ ಒಳಗಣ ಕಾಲುವೆಯಲ್ಲಿ ಬೆನ್ನುಹುರಿಯು ಇಳಿದುಬರುವುದು. ಇಕ್ಕೆಲಗಳಲ್ಲಿ ತೋಳುಗಳಿಗೆ ನರಗಳು ಹೊರಡುವುವು. ಮಣಿಗಳ ಪಕ್ಕದ ರಂಧ್ರಗಳ ಮೂಲಕ ಮಿದುಳಿಗೆ ರಕ್ತವನ್ನೊಯ್ಯುವ ಎರಡು ನಾಳಗಳು ಮೇಲಕ್ಕೇರುವುವು.

ಪಕ್ಕದಿಂದ ನೋಡಿದರೆ ಬೆನ್ನೆಲುಬು ಕೋಲಿನಂತೆ ನೇರವಾಗಿರುವುದಿಲ್ಲ. ಕುತ್ತಿಗೆಯಲ್ಲಿ ಅದು ಮುಂದಕ್ಕೆ ಬಾಗಿರುವುದು, ಎದೆಯ ಹಿಂದೆ ಹಿಂದಕ್ಕೆ ಬಾಗಿರುವುದು, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಾಗಿರುವುದು. ಕೂಸು ಹುಟ್ಟಿದಾಗ ಬೆನ್ನು ಒಟ್ಟಾರೆ ಹಿಂದಕ್ಕೆ ಬಾಗಿದ ಒಂದೇ ಬಿಲ್ಲಿನಂತಿರುವುದು. ಮೂರು ನಾಲ್ಕು ತಿಂಗಳಲ್ಲಿ ಅದು ಬೋರಲು ಮಲಗಿ ತಲೆಯೆತ್ತಿ ನೋಡತೊಡಗಿದಂತೆ ಕುತ್ತಿಗೆಯ ಬಾಗು ಬಲಿಯುವುದು. ಎದ್ದು ನಿಂತು ನಡೆಯತೊಡಗಿದಾಗ ಸೊಂಟದ ಬಾಗು ಬಲಿಯುವುದು. ಅಂದರೆ ಈ ಬಾಗುಗಳು ಬಹುಮಟ್ಟಿಗೆ ಕೆಲಸದಿಂದಲೂ ಸ್ನಾಯುಗಳ ಬಲದಿಂದಲೂ ರೂಪುಗೊಂಡವು. ಅವುಗಳನ್ನು ಕಾಪಾಡಿಕೊಳ್ಳುವ ಮಾರ್ಗವೂ ಅದೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ತಲೆಯ ಭಾರ.— ವಯಸ್ಕನ ತಲೆಯು ಸುಮಾರು ೪.೫ ರಿಂದ ೫.೫ ಕಿಲೋಗ್ರಾಂ ತೂಗುವುದು. ತಲೆಯು ಭುಜಗಳ ಮೇಲೆ ನೇರವಾಗಿ ಕೂತಿದ್ದರೆ ಈ ಭಾರದ ಬಹುಪಾಲನ್ನು ಎಲುಬೇ ಹೊರುವುದು, ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲ. ತಲೆ ಮುಂದಕ್ಕೆ ಬಾಗಿದಂತೆಲ್ಲ ಹೆಕ್ಕತ್ತಿನ ಸ್ನಾಯುಗಳು ಅದನ್ನು ಹಿಂದಕ್ಕೆ ಜಗ್ಗಿ ಹಿಡಿಯಬೇಕಾಗುವುದು. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿದು ನಡೆಯುವುದಕ್ಕೂ, ಕೈಚಾಚಿ ಹಿಡಿದು ನಡೆಯುವುದಕ್ಕೂ ಇರುವ ಭೇದವೇ ಇದು. ನ್ಯೂಯಾರ್ಕಿನ ಶಸ್ತ್ರವೈದ್ಯರಾದ ಕೆನೆತ್ ಹನ್ಸರಾಜ್ ಎಂಬವರು ೨೦೧೪ ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕುತ್ತಿಗೆಯ ಮೇಲೆ ಬೀಳುವ ಭಾರವು ಹೀಗಿದೆ:

ತಲೆ ೧೫ ಡಿಗ್ರಿ ಬಾಗಿದಾಗ — ಸುಮಾರು ೧೨ ಕಿಲೋಗ್ರಾಂ.
೩೦ ಡಿಗ್ರಿ ಬಾಗಿದಾಗ — ಸುಮಾರು ೧೮ ಕಿಲೋಗ್ರಾಂ.
೪೫ ಡಿಗ್ರಿ ಬಾಗಿದಾಗ — ಸುಮಾರು ೨೨ ಕಿಲೋಗ್ರಾಂ.
೬೦ ಡಿಗ್ರಿ ಬಾಗಿದಾಗ — ಸುಮಾರು ೨೭ ಕಿಲೋಗ್ರಾಂ.

ಇವು ಗಣಿತದಿಂದ ಕಂಡುಕೊಂಡ ಅಂಕಿಗಳೇ ಹೊರತು ಜೀವಂತ ಮನುಷ್ಯನಲ್ಲಿ ಅಳೆದವುಗಳಲ್ಲ. ಆದರೂ ಬಾಗು ಹೆಚ್ಚಿದಂತೆ ಹೊರೆ ಹೇಗೆ ಏರುವುದೆಂಬುದನ್ನು ತಿಳಿಯಲು ಸಾಕು. ಒಮ್ಮೆ ಬಾಗುವುದರಿಂದ ಕೆಡುಕೇನೂ ಇಲ್ಲ. ಬಾಗುವುದಕ್ಕೆಂದೇ ಕುತ್ತಿಗೆಯಿರುವುದು. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸುವುದೇ ಕೆಡುಕಿಗೆ ಮೂಲ. ಆಗ ಹೆಕ್ಕತ್ತಿನ ಸ್ನಾಯುಗಳು ಸೋತು ಬಿಗಿಯುವುವು. ಕುತ್ತಿಗೆಯ ಒಳಗೆ ಮುಂಭಾಗದಲ್ಲಿರುವ ಆಳದ ಸ್ನಾಯುಗಳು ಕೆಲಸವಿಲ್ಲದೆ ಸಡಿಲವಾಗುವುವು. ಎದೆಯ ಸ್ನಾಯುಗಳು ಕುಗ್ಗಿ ಭುಜಗಳನ್ನು ಮುಂದಕ್ಕೆ ಎಳೆಯುವುವು. ಬೆನ್ನು ಗೂನಾಗಿ, ಗದ್ದವು ಮುಂದಕ್ಕೆ ಚಾಚುವುದು.

ಹೊಲದಲ್ಲಿಯೂ ಮನೆಯಲ್ಲಿಯೂ ಕುತ್ತಿಗೆಗೆ ಬೀಳುವ ಶ್ರಮ.— ನಮ್ಮ ಬೇಸಾಯದ ಕೆಲಸಗಳಲ್ಲಿ ಕುತ್ತಿಗೆಗೆ ಅತಿ ಹೆಚ್ಚು ಶ್ರಮವನ್ನುಂಟುಮಾಡುವುವು ಬತ್ತದ ನಾಟಿಯೂ ಕೈಯಿಂದ ಕಳೆ ತೆಗೆಯುವುದೂ ಆಗಿವೆ. ಇವೆರಡೂ ಹೆಚ್ಚಾಗಿ ಹೆಂಗಸರ ಪಾಲಿಗೆ ಬಿದ್ದಿರುವ ಕೆಲಸಗಳು. ನಾಟಿ ಮಾಡುವವಳ ಬೆನ್ನು ನೆಲಕ್ಕೆ ಅಡ್ಡವಾಗಿರುವುದು. ತಲೆಯ ಪೂರ್ತಿ ಭಾರವನ್ನು ಹೆಕ್ಕತ್ತೇ ತೂಗಿ ಹಿಡಿಯಬೇಕು. ಮೇಲಾಗಿ ಸಾಲನ್ನು ನೋಡುವುದಕ್ಕಾಗಿ ಆಗಾಗ ಕತ್ತನ್ನು ಮೇಲಕ್ಕೆ ಮುರಿಯಬೇಕು. ರೇಷ್ಮೆ ಬೆಳೆಗಾರರ ಮನೆಯಲ್ಲಿ ಸೊಪ್ಪು ಹೆಚ್ಚುವಾಗಲೂ, ಚಂದ್ರಿಕೆಯಿಂದ ಗೂಡು ಬಿಡಿಸುವಾಗಲೂ ತಲೆ ತಗ್ಗಿಯೇ ಇರುವುದು. ಮಲೆನಾಡಿನ ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ: ನೆಲದ ಮೇಲೆ ನಿಂತು ಉದ್ದವಾದ ದೋಟಿಯಿಂದ ಕೊನೆ ಇಳಿಸುವವನು ಮತ್ತು ಔಷಧಿ ಸಿಂಪಡಿಸುವವನು ದಿನವೆಲ್ಲ ಮೇಲೆ ನೋಡುತ್ತಲೇ ಇರಬೇಕು. ಟ್ರಾಕ್ಟರು ನಡೆಸುವವನು ಮುಂದಣ ಸಾಲನ್ನೂ ಹಿಂದಣ ನೇಗಿಲನ್ನೂ ನೋಡುವುದಕ್ಕಾಗಿ ಒಂದೇ ಪಕ್ಕಕ್ಕೆ ನೂರಾರು ಸಲ ಕತ್ತು ಹೊರಳಿಸುವನು. ಯಂತ್ರದ ಅದುರುವಿಕೆಯೂ ಇದರ ಜೊತೆಗೆ ಸೇರುವುದು. ಸಾಯಂಕಾಲ ಮನೆಗೆ ಬಂದು ದಣಿದ ಕುತ್ತಿಗೆಯನ್ನು ಮೊಬೈಲಿನ ಮೇಲೆ ಇನ್ನೆರಡು ಗಂಟೆ ಬಗ್ಗಿಸಿದರೆ ಅದಕ್ಕೆ ವಿಶ್ರಾಂತಿಯೇ ಇಲ್ಲದಂತಾಗುವುದು.

ತಲೆಹೊರೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಸಿಂಬಿಯ ಮೇಲೆ ಕೊಡವಿಟ್ಟು ನಡೆಯುವ ಹೆಂಗಸಿನ ನಿಲುವು ನೇರವಾಗಿಯೇ ಇರುವುದು, ಗದ್ದ ಒಳಕ್ಕೆ ಸರಿದಿರುವುದು. ಕೀನ್ಯಾ ದೇಶದ ಹೆಂಗಸರನ್ನು ಪರೀಕ್ಷಿಸಿ ೧೯೮೬ ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಭ್ಯಾಸವುಳ್ಳವರು ತಮ್ಮ ಮೈತೂಕದ ಐದರಲ್ಲೊಂದು ಭಾಗದವರೆಗಿನ ಹೊರೆಯನ್ನು ಹೆಚ್ಚಿನ ಶಕ್ತಿವೆಚ್ಚವಿಲ್ಲದೆ ಹೊರಬಲ್ಲರೆಂದು ಕಂಡುಬಂದಿತು. ಆದರೆ ೫೦ ಕಿಲೋಗ್ರಾಂ ತೂಕದ ಹೆಂಗಸಿಗೆ ಈ ಲೆಕ್ಕದಂತೆ ಬರುವ ಹೊರೆ ೧೦ ಕಿಲೋಗ್ರಾಂ ಮಾತ್ರ. ಹಸಿ ಹುಲ್ಲಿನ ಹೊರೆಯಾಗಲಿ, ಗೊಬ್ಬರದ ಮಂಕರಿಯಾಗಲಿ ಅಷ್ಟಕ್ಕೆ ನಿಲ್ಲುವುದಿಲ್ಲ. ಘಾನಾ ದೇಶದಲ್ಲಿ ಬಹುಕಾಲ ತಲೆಯ ಮೇಲೆ ಭಾರ ಹೊತ್ತವರನ್ನು ಪರೀಕ್ಷಿಸಿದ ವೈದ್ಯರು ಅವರ ಕುತ್ತಿಗೆಯ ಮಣಿಗಳಲ್ಲಿ ಸವೆತವು ಹೆಚ್ಚಾಗಿರುವುದನ್ನು ಕಂಡಿದ್ದಾರೆ. ಆದುದರಿಂದ ನಿಲುವು ನೇರವಾಗಿದ್ದ ಮಾತ್ರಕ್ಕೆ ಭಾರಕ್ಕೆ ಮಿತಿಯಿಲ್ಲವೆಂದು ತಿಳಿಯಬಾರದು.

ಗೋಡೆಯ ಪರೀಕ್ಷೆ.— ತನ್ನ ನಿಲುವು ಹೇಗಿದೆಯೆಂಬುದನ್ನು ಪ್ರತಿಯೊಬ್ಬನೂ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿ, ಪೃಷ್ಠ ಮತ್ತು ಮೇಲ್ಬೆನ್ನು ಗೋಡೆಗೆ ತಾಗುವಂತೆ ನಿಂತು, ದೃಷ್ಟಿಯನ್ನು ನೇರವಾಗಿಟ್ಟುಕೊಳ್ಳತಕ್ಕದ್ದು. ಗದ್ದವನ್ನು ಮೇಲಕ್ಕೆತ್ತದೆ ತಲೆಯ ಹಿಂಭಾಗವು ಸುಲಭವಾಗಿ ಗೋಡೆಗೆ ತಾಗಿದರೆ ನಿಲುವು ಸರಿಯಾಗಿದೆಯೆಂದು ತಿಳಿಯಬಹುದು. ಎರಡು ಮೂರು ಬೆರಳಿನಷ್ಟು ಎಡೆ ಉಳಿದರೆ, ಅಥವಾ ತಾಗಿಸಲು ಬಲವಂತ ಮಾಡಬೇಕಾದರೆ, ತಲೆ ಮುಂದಕ್ಕೆ ಸರಿದಿದೆಯೆಂದು ಅರ್ಥ. ವಯಸ್ಸಾದವರಲ್ಲಿ ಈ ಎಡೆಯು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಿ, ಎತ್ತರವೂ ಕುಂದುತ್ತಿದ್ದರೆ, ಎಲುಬು ಟೊಳ್ಳಾಗಿ ಬೆನ್ನಿನ ಮಣಿಗಳು ಕುಸಿಯುತ್ತಿರಬಹುದು; ಅಂಥವರು ವೈದ್ಯರಿಗೆ ತೋರಿಸಬೇಕು.

ಬಾಗನ್ನು ಸರಿಪಡಿಸುವ ಅಭ್ಯಾಸಗಳು.— ಈ ಕೆಳಗಿನ ಅಭ್ಯಾಸಗಳಿಗೆ ಚಾಪೆಯೊಂದೂ ಗೋಡೆಯೊಂದೂ ಇದ್ದರೆ ಸಾಕು. ಎಲ್ಲವನ್ನೂ ನಿಧಾನವಾಗಿ, ಉಸಿರು ಕಟ್ಟದೆ ಮಾಡತಕ್ಕದ್ದು.

(೧) ಗದ್ದವನ್ನು ಹಿಂದಕ್ಕೆ ಸರಿಸುವುದು: ನೆಟ್ಟಗೆ ಕುಳಿತು ಅಥವಾ ನಿಂತು, ದೃಷ್ಟಿಯನ್ನು ಸಮವಾಗಿಟ್ಟು, ಗದ್ದವನ್ನು ತಗ್ಗಿಸದೆಯೂ ಎತ್ತದೆಯೂ ನೇರವಾಗಿ ಹಿಂದಕ್ಕೆ ಸರಿಸಬೇಕು. ಮೇಜಿನ ಖಾನೆಯನ್ನು ಒಳಕ್ಕೆ ತಳ್ಳುವಾಗ ಅದು ಓರೆಯಾಗದೆ ಸರಿಯುವಂತೆ ಇಲ್ಲಿಯೂ ತಲೆ ಸರಿಯಬೇಕು. ೫ ಸೆಕೆಂಡು ಹಾಗೆಯೇ ಹಿಡಿದು ಬಿಡಬೇಕು. ಒಂದು ಸಲಕ್ಕೆ ೧೦ ಬಾರಿಯಂತೆ ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು.

(೨) ಮಲಗಿ ತಲೆದೂಗುವುದು: ಚಾಪೆಯ ಮೇಲೆ ಅಂಗಾತ ಮಲಗಿ, ತಲೆಯ ಕೆಳಗೆ ತೆಳುವಾಗಿ ಮಡಿಸಿದ ಬಟ್ಟೆಯನ್ನಿಟ್ಟು, ಹೌದೆನ್ನುವಂತೆ ಗದ್ದವನ್ನು ಮೆಲ್ಲನೆ ಕೊರಳಿನ ಕಡೆಗೆ ಬಗ್ಗಿಸಬೇಕು. ತಲೆಯು ನೆಲದಿಂದ ಏಳಬಾರದು. ೧೦ ಸೆಕೆಂಡಿನಂತೆ ೧೦ ಬಾರಿ. ಕುತ್ತಿಗೆಯ ಒಳಗಣ ಆಳದ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸವಿದು. ಶ್ರಮವೇ ಇಲ್ಲವೆಂದು ತೋರಿದರೂ ಇದನ್ನು ಬಿಡಬಾರದು.

(೩) ಹೆಗಲೆಲುಬುಗಳನ್ನು ಕೂಡಿಸುವುದು: ಭುಜಗಳನ್ನು ಕಿವಿಯ ಕಡೆಗೆ ಎತ್ತದೆ, ಬೆನ್ನಿನ ಎರಡು ಹೆಗಲೆಲುಬುಗಳನ್ನು ಒಂದರ ಬಳಿಗೊಂದು ತಂದು ೫ ಸೆಕೆಂಡು ಹಿಡಿಯಬೇಕು. ೧೦ ಬಾರಿ.

(೪) ಎದೆಯನ್ನು ಬಿಡಿಸುವುದು: ಬಾಗಿಲ ಚೌಕಟ್ಟಿನ ಎರಡು ಪಕ್ಕಕ್ಕೂ ಮುಂಗೈಗಳನ್ನು ಊರಿ, ಒಂದು ಹೆಜ್ಜೆ ಮುಂದಿಟ್ಟು, ಎದೆಯಲ್ಲಿ ಹಿತವಾದ ಸೆಳೆತವು ತೋರುವಷ್ಟು ಮುಂದಕ್ಕೆ ವಾಲಬೇಕು. ೨೦ ರಿಂದ ೩೦ ಸೆಕೆಂಡಿನಂತೆ ಮೂರು ಬಾರಿ.

(೫) ಕೈಗೆ ಎದುರಾಗಿ ಒತ್ತುವುದು: ಅಂಗೈಯನ್ನು ಹಣೆಗೆ ಆನಿಸಿ, ತಲೆ ಕದಲದಂತೆ, ತಲೆಯಿಂದ ಕೈಯನ್ನೂ ಕೈಯಿಂದ ತಲೆಯನ್ನೂ ಹದವಾಗಿ ಒತ್ತಬೇಕು. ಹೀಗೆಯೇ ತಲೆಯ ಹಿಂಭಾಗಕ್ಕೂ ಎರಡು ಪಕ್ಕಗಳಿಗೂ ಮಾಡತಕ್ಕದ್ದು. ಪ್ರತಿಯೊಂದು ದಿಕ್ಕಿಗೂ ೫ ಸೆಕೆಂಡಿನಂತೆ ೫ ಬಾರಿ.

ಅಭ್ಯಾಸದಲ್ಲಿ ಸ್ನಾಯುಗಳ ಸಣ್ಣ ಸೆಳೆತವಿರುವುದು ಸಹಜ. ಆದರೆ ನೋವು ತೋಳಿನುದ್ದಕ್ಕೂ ಇಳಿದರೆ, ಕೈ ಜೋಮು ಹಿಡಿದರೆ, ತಲೆಸುತ್ತಿದರೆ ಅದನ್ನು ಕೂಡಲೇ ನಿಲ್ಲಿಸಬೇಕು.

ಎಷ್ಟನ್ನು ನಿರೀಕ್ಷಿಸಬಹುದು.— ಕುತ್ತಿಗೆಯ ಎಕ್ಸರೇ ಚಿತ್ರವನ್ನು ತೆಗೆಸಿದಾಗ ‘ಬಾಗು ಹೋಗಿದೆ’ ಎಂದು ಬರೆದುಬಂದುದನ್ನು ನೋಡಿ ಗಾಬರಿಯಾಗುವವರು ಅನೇಕರು. ಯಾವ ನೋವೂ ಇಲ್ಲದ ಎಷ್ಟೋ ಜನರ ಕುತ್ತಿಗೆಯೂ ಚಿತ್ರದಲ್ಲಿ ನೇರವಾಗಿಯೇ ಕಾಣುವುದು. ಚಿತ್ರ ತೆಗೆಯುವಾಗ ಗದ್ದವನ್ನು ಸ್ವಲ್ಪ ತಗ್ಗಿಸಿದರೂ, ಸ್ನಾಯುಗಳು ಬಿಗಿದಿದ್ದರೂ ಬಾಗು ಕಡಿಮೆಯಾಗಿ ತೋರುವುದು. ಎಲ್ಲ ಹೊಲಗಳ ಇಳಿಜಾರೂ ಒಂದೇ ಅಳತೆಯಲ್ಲಿರದಂತೆ ಎಲ್ಲರ ಕುತ್ತಿಗೆಯ ಬಾಗೂ ಒಂದೇ ಅಳತೆಯಲ್ಲಿರುವುದಿಲ್ಲ. ಆದುದರಿಂದ ಚಿತ್ರದಲ್ಲಿನ ಗೆರೆಯನ್ನು ಬಾಗಿಸುವುದು ನಮ್ಮ ಗುರಿಯಾಗಬಾರದು; ಕತ್ತು ಎಲ್ಲ ಕಡೆಗೂ ಸರಾಗವಾಗಿ ಹೊರಳಬೇಕು, ದಿನದ ದುಡಿಮೆಯನ್ನು ನೋವಿಲ್ಲದೆ ತಾಳಬೇಕು. ಇಂತಿಷ್ಟು ದಿನಗಳಲ್ಲಿ ಬಾಗನ್ನು ಮರಳಿ ತರಿಸುವೆವೆಂದು ಪಟ್ಟಿ, ಎಣ್ಣೆ, ಯಂತ್ರಗಳನ್ನು ಮಾರುವವರ ಮಾತಿಗೆ ಮರುಳಾಗಿ ಹಣ ಕಳೆಯಬಾರದು.

ಅಭ್ಯಾಸದ ಫಲವು ಒಂದು ವಾರದಲ್ಲಿ ಕಾಣುವಂಥದಲ್ಲ. ಡೆನ್ಮಾರ್ಕ್ ದೇಶದಲ್ಲಿ ಕುತ್ತಿಗೆ ಭುಜಗಳ ನೋವಿದ್ದ ಕಚೇರಿ ನೌಕರರಿಗೆ ೧೦ ವಾರಗಳ ಕಾಲ ಭುಜಕ್ಕೆ ಬಲ ಕೊಡುವ ಅಭ್ಯಾಸವನ್ನು ಮಾಡಿಸಿ ೨೦೧೧ ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ೧೨ ನಿಮಿಷ ಮಾಡಿದವರಿಗೆ ಮಾತ್ರವಲ್ಲದೆ ೨ ನಿಮಿಷ ಮಾತ್ರ ಮಾಡಿದವರಿಗೂ ನೋವು ಕಡಿಮೆಯಾಯಿತು. ಇದರಿಂದ ತಿಳಿಯತಕ್ಕದ್ದೇನೆಂದರೆ, ಒಂದು ದಿನ ಗಂಟೆಗಟ್ಟಲೆ ಮಾಡಿ ಆಮೇಲೆ ಬಿಟ್ಟುಬಿಡುವುದಕ್ಕಿಂತ ದಿನವೂ ಸ್ವಲ್ಪ ಮಾಡುವುದೇ ಮೇಲು. ಒಂದೇ ದಿನ ಕೆರೆಯ ನೀರನ್ನೆಲ್ಲ ಹಾಯಿಸಿದರೆ ಪೈರು ಬೆಳೆಯುವುದಿಲ್ಲವಷ್ಟೆ.

ಉಪಕರಣವನ್ನು ತಿದ್ದುವುದು.— ಇಷ್ಟೆಲ್ಲ ಅಭ್ಯಾಸ ಮಾಡಿದರೂ, ಕೆಲಸದ ಬಗೆಯು ಬದಲಾಗದಿದ್ದರೆ ಬೆಳಗ್ಗೆ ಗಳಿಸಿದ್ದನ್ನು ಸಾಯಂಕಾಲದೊಳಗೆ ಕಳೆದುಕೊಂಡಂತಾಗುವುದು. ನೊಗವು ಒತ್ತಿದರೆ ಎತ್ತಿನ ಕುತ್ತಿಗೆಗೆ ಎಣ್ಣೆ ಹಚ್ಚಿದರೆ ಸಾಲದು, ನೊಗವನ್ನೇ ಕೆತ್ತಬೇಕು. ಮನುಷ್ಯನಿಗೂ ಇದೇ ನ್ಯಾಯ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೊಪ್ಪು ತರಕಾರಿಗಳ ಹೊಲಗಳಲ್ಲಿ ಕೂಲಿಗಳಿಗೆ ಸುಮಾರು ಒಂದಡಿ ಹಿಡಿಯ ಗಿಡ್ಡ ಗುದ್ದಲಿಯನ್ನು ಕೊಟ್ಟು ದಿನವಿಡೀ ಬಗ್ಗಿಸಿ ದುಡಿಸುತ್ತಿದ್ದರು. ಉದ್ದ ಹಿಡಿಯಿಂದ ಪೈರಿಗೆ ಹಾನಿಯಾಗುವುದೆಂದು ಹೊಲದೊಡೆಯರ ವಾದವಾಗಿತ್ತು. ಕೂಲಿಗಳ ಬೆನ್ನು ಶಾಶ್ವತವಾಗಿ ಕೆಡುತ್ತಿರುವುದೆಂಬ ವೈದ್ಯರ ಸಾಕ್ಷ್ಯವು ನ್ಯಾಯಸ್ಥಾನದ ಮುಂದೆ ಬಂದು, ೧೯೭೫ ರಲ್ಲಿ ಆ ಗುದ್ದಲಿಯು ಅಲ್ಲಿ ನಿಷಿದ್ಧವಾಯಿತು. ಕೂಲಿಗಳು ಉದ್ದ ಹಿಡಿಯ ಗುದ್ದಲಿಯಿಂದ ಅದೇ ಕೆಲಸವನ್ನು ಮಾಡಿದರು. ಅಲ್ಲಿನ ಬೇಸಾಯವೇನೂ ನಿಲ್ಲಲಿಲ್ಲ. ನಮ್ಮಲ್ಲಿ ಇನ್ನೂ ಕುರ್ಚಿಗೆಯಿಂದಲೂ ಕಿರುಗುದ್ದಲಿಯಿಂದಲೂ ನಡೆಯುವ ಕಳೆ ಕೆಲಸದ ವಿಷಯದಲ್ಲಿ ಇದು ಯೋಚಿಸತಕ್ಕ ಸಂಗತಿ.

ಸಾಲಿನಲ್ಲಿ ಬಿತ್ತಿದ ರಾಗಿ, ಜೋಳ, ಶೇಂಗಾ ಮುಂತಾದ ಪೈರುಗಳಲ್ಲಿ ಎಡೆಕುಂಟೆ ಹೊಡೆದು, ಸಾಲಿನೊಳಗೆ ಉಳಿದ ಕಳೆಯನ್ನು ಮಾತ್ರ ಕೈಯಿಂದ ತೆಗೆದರೆ ಬಗ್ಗುವ ಕಾಲವು ಬಹಳ ಕಡಿಮೆಯಾಗುವುದು. ಒಬ್ಬರೇ ನಿಂತು ತಳ್ಳುವ ಚಕ್ರದ ಕುಂಟೆಯೂ, ಗದ್ದೆಯಲ್ಲಿ ಸಾಲುನಾಟಿ ಮಾಡಿದ ಬತ್ತಕ್ಕೆ ಕೋನೋವೀಡರೂ ಇದೇ ಉದ್ದೇಶದ ಉಪಕರಣಗಳು. ಇವುಗಳ ಹಿಡಿಯು ದುಡಿಯುವವರ ಸೊಂಟಕ್ಕೂ ಮೊಣಕೈಗೂ ನಡುವಣ ಮಟ್ಟಕ್ಕೆ ಬರುವಂತೆ ಹೊಂದಿಸಿಕೊಳ್ಳಬೇಕು. ಗಂಡಸರ ಎತ್ತರಕ್ಕೆ ಮಾಡಿಸಿದ ಹಿಡಿಯನ್ನು ಹೆಂಗಸರ ಕೈಗೆ ಕೊಡುವುದು ಸರಿಯಲ್ಲ.

ಕೆಲಸದಲ್ಲಿ ಅನುಸರಿಸಬೇಕಾದ ಕ್ರಮಗಳು.— ಬಗ್ಗಿ ಮಾಡುವ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ, ಅಥವಾ ಸಾಲು ಮುಗಿದು ಬದುವನ್ನು ಮುಟ್ಟಿದಾಗಲೆಲ್ಲ, ನೆಟ್ಟಗೆ ನಿಂತು ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ವಾಲಿ, ಗದ್ದವನ್ನು ಐದು ಸಲ ಹಿಂದಕ್ಕೆ ಸರಿಸಬೇಕು. ಇದಕ್ಕೆ ಒಂದು ನಿಮಿಷ ಸಾಕು. ಈ ಒಂದು ನಿಮಿಷವನ್ನು ಸೋಮಾರಿತನವೆಂದು ಎಣಿಸುವ ಒಡೆಯನು ಮಧ್ಯಾಹ್ನದ ಮೇಲೆ ಆಳುಗಳ ಕೈ ನಿಧಾನವಾಗುವುದರಲ್ಲಿ ಅದರ ಹಲವು ಪಟ್ಟನ್ನು ಕಳೆದುಕೊಳ್ಳುವನು. ಬೆಳಗ್ಗೆ ನಾಟಿ ಮಾಡಿದವರಿಗೆ ಮಧ್ಯಾಹ್ನ ಬೇರೆ ಬಗೆಯ ಕೆಲಸವನ್ನು ಕೊಡುವುದು ಉತ್ತಮ.

ಹೊರೆಯನ್ನು ಎರಡಾಗಿ ಮಾಡಿ ಎರಡು ಸಲ ಒಯ್ಯುವುದು ಒಳ್ಳೆಯದು. ಸಾಧ್ಯವಾದೆಡೆಯಲ್ಲಿ ಕೈಗಾಡಿಯನ್ನು ಬಳಸಬೇಕು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯೊಂದು ೧೯೯೧ ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳೂ ಇದ್ದಾಗಲೂ ಕೈಯಿಂದ ಎತ್ತಬಹುದಾದ ಭಾರದ ಮಿತಿ ೨೩ ಕಿಲೋಗ್ರಾಂ. ನಮ್ಮ ದೇಶದಲ್ಲಿ ಯೂರಿಯಾ ಮೂಟೆಯು ೨೦೧೮ ರಲ್ಲಿ ೫೦ ರಿಂದ ೪೫ ಕಿಲೋಗ್ರಾಮಿಗೆ ಇಳಿದಿದ್ದರೂ ಈ ಮಿತಿಗೆ ಅದು ಹೆಚ್ಚುಕಡಿಮೆ ಎರಡರಷ್ಟಿದೆ. ಆದುದರಿಂದ ಮೂಟೆಯನ್ನು ಇಬ್ಬರು ಹಿಡಿದೆತ್ತುವುದೇ ಯುಕ್ತ.

ಬೆನ್ನಿಗೆ ಹೊರುವ ೧೬ ಲೀಟರಿನ ಸ್ಪ್ರೇಯರನ್ನು ತುಂಬಿದರೆ ನೀರಿನ ಭಾರವೇ ೧೬ ಕಿಲೋಗ್ರಾಂ ಆಗುವುದು. ಎರಡು ಪಟ್ಟಿಗಳನ್ನೂ ಸಮನಾಗಿ ಬಿಗಿದು, ಡಬ್ಬವು ಬೆನ್ನಿಗೆ ಅಂಟಿಕೊಂಡಿರುವಂತೆ ಹೊರಬೇಕು. ಒಂದೇ ಹೆಗಲಿಗೆ ನೇತುಹಾಕಿಕೊಳ್ಳಬಾರದು. ಬಲವಿಲ್ಲದವರು ಅರ್ಧ ತುಂಬಿಕೊಳ್ಳಬೇಕು. ಅಡಿಕೆ ತೋಟದಲ್ಲಿ ದೋಟಿ ಹಿಡಿದವನು ಪ್ರತಿ ಮರಕ್ಕೂ ಒಮ್ಮೆ ತಲೆಯನ್ನು ಇಳಿಸಿ ಕಣ್ಣನ್ನು ನೆಲಕ್ಕೆ ತರಬೇಕು. ಟ್ರಾಕ್ಟರಿಗೆ ಹಿಂದಣ ನೋಟವನ್ನು ತೋರಿಸುವ ಕನ್ನಡಿಯನ್ನು ಹಾಕಿಸಿದರೆ ಕತ್ತು ಹೊರಳಿಸುವುದು ಎಷ್ಟೋ ಕಡಿಮೆಯಾಗುವುದು. ಮೊಬೈಲನ್ನು ಕಣ್ಣಿನ ಮಟ್ಟದ ಸಮೀಪಕ್ಕೆ ಎತ್ತಿ ಹಿಡಿಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯಂತೆ ಮಕ್ಕಳಿಗೆ ಈ ಅಭ್ಯಾಸವನ್ನು ಮೊದಲಿನಿಂದಲೇ ಮಾಡಿಸತಕ್ಕದ್ದು.

ಮಲಗುವ ಬಗೆ.— ಅಂಗಾತ ಮಲಗುವವರಿಗೆ ಕುತ್ತಿಗೆಯ ಹಳ್ಳವನ್ನು ತುಂಬುವಷ್ಟು ತೆಳುವಾದ ದಿಂಬು ಸಾಕು. ಟವಲನ್ನು ಸುರುಳಿ ಸುತ್ತಿ ಹೆಕ್ಕತ್ತಿನ ಕೆಳಗಿಟ್ಟುಕೊಂಡರೂ ಆಗುವುದು. ಪಕ್ಕಕ್ಕೆ ಮಲಗುವವರಿಗೆ ಭುಜಕ್ಕೂ ತಲೆಗೂ ನಡುವಣ ಎಡೆಯನ್ನು ತುಂಬುವಷ್ಟು ದಪ್ಪ ಬೇಕು. ಎರಡು ಮೂರು ದಿಂಬುಗಳನ್ನು ಪೇರಿಸುವುದೂ, ಬೋರಲು ಮಲಗಿ ಕತ್ತನ್ನು ಒಂದು ಪಕ್ಕಕ್ಕೆ ಹೊರಳಿಸಿಕೊಂಡು ರಾತ್ರಿ ಕಳೆಯುವುದೂ ಕೂಡದು.

ನಿಲುವಿನ ದೋಷವೆಂದು ಸುಮ್ಮನಿರಬಾರದ ಚಿಹ್ನೆಗಳು.— ಈ ಭಾಗವನ್ನು ಓದುಗರು ಮನೆಯವರಿಗೆಲ್ಲ ಓದಿ ಹೇಳಬೇಕೆಂದು ಕೋರಲಾಗಿದೆ.

ಕೈಯ ಹಿಡಿತ ಸಡಿಲವಾಗಿ ಪಾತ್ರೆ ಜಾರುವುದು, ಗುಂಡಿ ಹಾಕಿಕೊಳ್ಳಲಾಗದಿರುವುದು, ಬದುವಿನ ಮೇಲೆ ನಡೆಯುವಾಗ ಕಾಲು ತೊಡರುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು — ಇವು ಬೆನ್ನುಹುರಿಯು ಕುತ್ತಿಗೆಯಲ್ಲಿ ಒತ್ತಲ್ಪಡುತ್ತಿರುವುದರ ಚಿಹ್ನೆಗಳಾಗಿರಬಹುದು. ನೋವು ಇಲ್ಲದೆಯೂ ಇವು ಬರುವುದುಂಟು. ತಡಮಾಡಿದಷ್ಟೂ ಕಳೆದ ಬಲವು ಮರಳುವುದು ಕಷ್ಟವಾದುದರಿಂದ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕ್ಲೋರ್‌ಪೈರಿಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕವು ಮೈಗೇರಿದವನು ಮೊದಲ ದಿನ ಚೇತರಿಸಿಕೊಂಡಂತೆ ಕಂಡು, ಒಂದರಿಂದ ನಾಲ್ಕು ದಿನಗಳೊಳಗೆ ದಿಂಬಿನಿಂದ ತಲೆಯನ್ನೆತ್ತಲಾರದೆ ಹೋಗುವುದುಂಟು. ಶ್ರೀಲಂಕೆಯ ವೈದ್ಯರು ೧೯೮೭ ರಲ್ಲಿ ಇದನ್ನು ವಿವರಿಸಿದರು. ಕುತ್ತಿಗೆಯ ಈ ದೌರ್ಬಲ್ಯದ ಹಿಂದೆಯೇ ಉಸಿರಾಟದ ಸ್ನಾಯುಗಳೂ ಸೋಲುವ ಸಂಭವವಿರುವುದರಿಂದ, ಅಂಥವನನ್ನು ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಒಡನೆಯೇ ಸಾಗಿಸಬೇಕು. ಹಾವು ಕಚ್ಚಿದ ಮೇಲೆ ರೆಪ್ಪೆ ಜೋತು ಕತ್ತು ನಿಲ್ಲದಿದ್ದರೂ ಅದು ವಿಷವು ನರಗಳಿಗೆ ಏರಿದ ಗುರುತು. ಗಾಯವಾದ ಕೆಲವು ದಿನಗಳ ಮೇಲೆ ದವಡೆ ಕಚ್ಚಿಕೊಂಡು ಕತ್ತು ಸೆಟೆದರೆ ಧನುರ್ವಾಯುವನ್ನೂ, ಜ್ವರ ತಲೆನೋವುಗಳೊಡನೆ ಕತ್ತು ಸೆಟೆದರೆ ಮಿದುಳಿನ ಪೊರೆಯ ಉರಿಯೂತವನ್ನೂ ಶಂಕಿಸಬೇಕು.

ಫ್ಲೋರೈಡ್ ಹೆಚ್ಚಾಗಿರುವ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಕುತ್ತಿಗೆಯೂ ಬೆನ್ನೂ ಮರದಂತೆ ಸೆಟೆಯುವುದು. ಆಗಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿದ್ದ ಇಂಥ ರೋಗಿಗಳ ವಿಷಯವು ೧೯೩೭ ರಲ್ಲಿ ಪ್ರಕಟವಾಯಿತು. ನಮ್ಮ ರಾಜ್ಯದಲ್ಲಿ ಪಾವಗಡ, ಮುಂಡರಗಿ ಮೊದಲಾದ ತಾಲ್ಲೂಕುಗಳಲ್ಲಿ ಈ ನೀರಿನ ತೊಂದರೆಯಿದೆ. ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ಯೋಗ್ಯವಲ್ಲ. ಒಂದೇ ಊರಿನಲ್ಲಿ ಹಲವರ ಕತ್ತು ಸೆಟೆಯುತ್ತಿದ್ದರೆ ಅಲ್ಲಿ ಬೇಕಾದದ್ದು ಅಂಗಸಾಧನೆಯಲ್ಲ, ನೀರಿನ ಪರೀಕ್ಷೆ.

ಮರದಿಂದಲೋ ಗಾಡಿಯಿಂದಲೋ ಬಿದ್ದವನನ್ನು ಕೈಕಾಲು ಹಿಡಿದು ಎತ್ತಬಾರದು. ತಲೆಯನ್ನು ಕದಲದಂತೆ ಎರಡು ಕೈಗಳಿಂದ ಹಿಡಿದು, ೧೦೮ ಕ್ಕೆ ಕರೆಮಾಡಿ, ಮೈಯೆಲ್ಲವನ್ನೂ ಒಟ್ಟಾಗಿ ಹಲಗೆಯ ಮೇಲೆ ಸರಿಸಬೇಕು. ಕಡೆಯದಾಗಿ, ಕ್ಷೌರದಂಗಡಿಯಲ್ಲಿ ಕತ್ತನ್ನು ಥಟ್ಟನೆ ತಿರುಗಿಸಿ ನೆಟಿಕೆ ತೆಗೆಸುವ ಪದ್ಧತಿಯನ್ನು ಬಿಟ್ಟುಬಿಡಬೇಕು. ಮಣಿಗಳ ರಂಧ್ರಗಳಲ್ಲಿ ಏರುವ ರಕ್ತನಾಳವು ಇದರಿಂದ ಸೀಳಿ ಪಾರ್ಶ್ವವಾಯು ತಗಲಿದ ಸಂದರ್ಭಗಳನ್ನು ವೈದ್ಯರು ಕಂಡಿದ್ದಾರೆ.

ಮೇಲೆ ಹೇಳಿದ ಅಭ್ಯಾಸಗಳಲ್ಲಿ ಹಣ ಬೇಡುವಂಥದು ಒಂದೂ ಇಲ್ಲ. ಉಪಕರಣಗಳಲ್ಲಿ ಹೆಚ್ಚಿನವು ಊರಿನ ಬಡಗಿ ಕಮ್ಮಾರರ ಕೈಯಲ್ಲಿಯೇ ಆಗತಕ್ಕವು. ಮುಂದಿನ ಕಳೆಯ ಹಂಗಾಮು ಬರುವುದರೊಳಗಾಗಿ ಪ್ರತಿಯೊಬ್ಬ ರೈತನೂ ತನ್ನ ಮನೆಯ ಗುದ್ದಲಿ ಕುಂಟೆಗಳ ಹಿಡಿಯನ್ನು, ಅವನ್ನು ಹಿಡಿಯುವವರನ್ನೇ ಪಕ್ಕದಲ್ಲಿ ನಿಲ್ಲಿಸಿ ಅಳತೆ ನೋಡಿ, ಗಿಡ್ಡವಾದುದನ್ನು ಉದ್ದಮಾಡಿಸತಕ್ಕದ್ದು. ಬೆಳೆ ಹೋದರೆ ಮರುವರ್ಷ ಬಿತ್ತಬಹುದು, ಎತ್ತು ಹೋದರೆ ಮತ್ತೊಂದನ್ನು ತರಬಹುದು. ದುಡಿಯುವವರ ಕುತ್ತಿಗೆಯನ್ನು ಯಾವ ಜಾತ್ರೆಯಲ್ಲಿಯೂ ಕೊಳ್ಳಲಾಗದು.